ಬೂಲಿಯಾದ ಒಂಟೆ ಓಟಕ್ಕೆ ಟೆಂಟೋ, ಕಾರೋ, ಸ್ವಾಗೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಾಗ್, ಅಂದರೆ ಕ್ಯಾನ್ವಾಸಿನ ಹಾಸಿಗೆ ಚೀಲದ ಪಕ್ಷದವನು. ಟೆಂಟಿನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ನಿಷ್ಪಕ್ಷಪಾತದ ವಿಮರ್ಶೆ ಬೇಕಾದವರಿಗೆ ಈ ಬರಹ ಒಗ್ಗುವುದಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಬೂಲಿಯಾದಲ್ಲಿ ಜುಲೈ ತಿಂಗಳ ಮೂರನೆಯ ವಾರಾಂತ್ಯ ಒಂಟೆ ಓಟ ನಡೆಯುತ್ತದೆ. ನಾವು ಮೂವರು ಗೆಳೆಯರು ಎರಡು ವರ್ಷ ಹೋಗಿಬಂದೆವು. ನಾನು ಕೆಲಸ ಮಾಡುವ ಮೌಂಟ್ ಐಸಾದಿಂದ ದಕ್ಷಿಣಕ್ಕೆ ಸುಮಾರು 300 ಕಿಲೋಮೀಟರ್. ಇಲ್ಲಿಯವರ ಲೆಕ್ಕದಲ್ಲಿ ಅದು ಪಕ್ಕದ ಊರು. ಕೆಲವೇ ನೂರು ಜನರ ಊರಿಗೆ ಆ ದಿನಗಳಲ್ಲಿ ಜಾತ್ರೆಯ ಜನ. ಕೊಠಡಿ ಸಿಗುವ ಮಾತೇ ಇಲ್ಲ, ಓಟದ ಮೈದಾನದ ಬಯಲಲ್ಲೇ ಬಿಡಾರ. ಹಗಲು ಅಂಗಿಯಲ್ಲಿ ಓಡಾಡುವಷ್ಟು ಬಿಸಿಲು, ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವ ಚಳಿ. ಹೀಗಿರುವಾಗ ಯಾವುದರೊಳಗೆ ಮಲಗುತ್ತೀರಿ ಎಂಬುದರ ಮೇಲೆ ಇಡೀ ಪ್ರವಾಸದ ಸುಖದುಃಖ ನಿಂತಿರುತ್ತದೆ.

ಮೊದಲ ವರ್ಷ ನಾನು 129 ಡಾಲರಿನ ಮೂರು ಜನರ ಟೆಂಟು ಕೊಂಡೆ. ಎಲ್ಲಿ ಕೊಂಡೆ ಎಂಬುದು ಬೇಡ, ಅಗ್ಗದ ಟೆಂಟು ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಅದೇ. ಹತ್ತು ನಿಮಿಷದಲ್ಲಿ ಎದ್ದು ನಿಂತಿತು. ಒಳಗೆ ಕೂರಬಹುದು, ಬಟ್ಟೆ ಬದಲಿಸಬಹುದು, ಮೂವರೂ ಕಾಲು ಚಾಚಿ ಹರಟಬಹುದು. ಧಾರವಾಡದ ಗೆಳೆಯ ಒಳಗೆ ಕುಳಿತು ಅವಲಕ್ಕಿಗೆ ಚಟ್ನಿಪುಡಿ ಕಲಸುತ್ತಾ, ‘ಮನೆಯೇ ಕಟ್ಟಿಬಿಟ್ಟೆಯಲ್ಲೋ’ ಎಂದ. ನನಗೂ ಹಾಗೆಯೇ ಅನ್ನಿಸಿತ್ತು.

ರಾತ್ರಿ ಸುಮಾರು ಮೂರು ಗಂಟೆಗೆ ಎಚ್ಚರವಾಯಿತು. ಚಳಿಗೆ ಮೂತ್ರದ ಅವಸರ. ಜಿಪ್ಪು ಎಳೆದೆ, ಒಂದು ಗೇಣು ಬಂದು ನಿಂತಿತು. ಹಿಂದಕ್ಕೆ ಎಳೆದರೂ ಇಲ್ಲ, ಮುಂದಕ್ಕೆ ಎಳೆದರೂ ಇಲ್ಲ. ಟಾರ್ಚು ಹಿಡಿದು ನೋಡಿದರೆ ಹಲ್ಲುಗಳ ಸಂದಿಯಲ್ಲಿ ಕೆಂಪು ಧೂಳು ಅರಿಶಿನ ಕುಂಕುಮ ಮೆತ್ತಿದಂತೆ ಕೂತಿತ್ತು. ನಾನು ಸಂಡೂರಿನ ಕಡೆಯವನು. ಅದಿರಿನ ಲಾರಿಗಳ ಹಿಂದೆ ಸೈಕಲ್ ತುಳಿದು ಶಾಲೆಗೆ ಹೋದವನಿಗೆ ಕೆಂಪು ಧೂಳು ಹೊಸದಲ್ಲ. ಆದರೆ ಈ ಧೂಳು ಜರಡಿ ಹಿಡಿದ ಮೈದಾಹಿಟ್ಟಿನಷ್ಟು ನುಣುಪು. ಹಗಲೆಲ್ಲ ನೂರಾರು ವಾಹನಗಳು ಅದನ್ನು ಅರೆದು ಗಾಳಿಗೆ ತೂರಿರುತ್ತವೆ.

ಇನ್ನಿಬ್ಬರೂ ಎದ್ದರು. ಆಗ ಶಿವಮೊಗ್ಗದವನ ತಲೆಯಲ್ಲಿ ದೀಪ ಹೊತ್ತಿತು. ಚೀಲದಿಂದ ಕೊಬ್ಬರಿ ಎಣ್ಣೆಯ ಶೀಶೆ ತೆಗೆದ. ಚಳಿಗೆ ಎಣ್ಣೆ ಹೆಪ್ಪುಗಟ್ಟಿತ್ತು. ಶೀಶೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿದ. ಅಷ್ಟು ಹೊತ್ತು ನಾನು ಕಾಲು ಹೆಣೆದುಕೊಂಡು ನಿಂತಿದ್ದನ್ನು ಇಬ್ಬರೂ ಇಂದಿಗೂ ಮರೆತಿಲ್ಲ. ಎಣ್ಣೆ ಬಿಟ್ಟಿದ್ದೇ ತಡ, ಜಿಪ್ಪು ಬೆಣ್ಣೆಯಂತೆ ಜಾರಿತು. ನಮ್ಮ ಅಜ್ಜಿಯಂದಿರ ಬುದ್ಧಿಯೇ ಬುದ್ಧಿ ಎಂದು ಮೆಚ್ಚಿಕೊಂಡು ಮಲಗಿದೆವು.

ಮರುದಿನ ಮಧ್ಯಾಹ್ನದೊಳಗೆ ಅದೇ ಎಣ್ಣೆ ಬಯಲಿನ ಧೂಳನ್ನೆಲ್ಲ ಕರೆದು ಕೂರಿಸಿಕೊಂಡಿತ್ತು. ಎಳೆಯುವ ಕೊಂಡಿ ಒಂದು ಬದಿಯ ಹಲ್ಲುಗಳನ್ನು ಬಿಟ್ಟು ಹೊರಬಂತು, ಬಾಗಿಲು ಬಾಯಿ ತೆರೆದು ನಿಂತಿತು. ಪಕ್ಕದಲ್ಲಿ ಕಾರವಾನ್ ನಿಲ್ಲಿಸಿದ್ದ ಮುದುಕರೊಬ್ಬರು ಬಂದು ನೋಡಿದರು, ಮುಟ್ಟಿದರು, ಬೆರಳನ್ನು ಮೂಸಿದರು. ‘ತೆಂಗಿನಕಾಯಿಯೇ?’ ಎಂದು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ ಹೇಳಿಕೊಟ್ಟರು: ಜಿಪ್ಪಿಗೆ ಎಣ್ಣೆ ಯಾವತ್ತೂ ಕೂಡದು. ಮೊದಲು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ಕೆಡವಬೇಕು, ಆಮೇಲೆ ಮೇಣದಬತ್ತಿಯ ತುಂಡನ್ನು ಹಲ್ಲುಗಳ ಮೇಲೆ ಉಜ್ಜಬೇಕು. ಮೇಣ ಒಣಗಿರುತ್ತದೆ, ಅದಕ್ಕೆ ಧೂಳು ಅಂಟುವುದು ಕಡಿಮೆ. ನಮ್ಮ ಜಿಪ್ಪಿಗೆ ಆ ಚಿಕಿತ್ಸೆಯ ಕಾಲ ಮೀರಿತ್ತು. ಉಳಿದ ರಾತ್ರಿ ಬಾಗಿಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ ಮಲಗಿದೆವು. ಗಾಳಿ ಎದ್ದಾಗಲೆಲ್ಲ ಟೆಂಟಿನ ಬಟ್ಟೆ ಪಟಪಟ ಹೊಡೆದುಕೊಂಡಿತು. ಗಟ್ಟಿ ನೆಲಕ್ಕೆ ಬಡಿದ ತಂತಿಯ ಗೂಟಗಳು ಅಷ್ಟರಲ್ಲಾಗಲೇ ಮೀನಿನ ಗಾಳದಂತೆ ಬಾಗಿದ್ದವು.

ಶಿವಮೊಗ್ಗದವನು ಸೋತು ಕಾರಿಗೆ ಹೋದ. ಕಾರಿನ ವಿಷಯ ಇಷ್ಟೇ: ಖರ್ಚಿಲ್ಲ, ಗಾಳಿ ಇಲ್ಲ, ಕಾಲು ಚಾಚಲು ಜಾಗವೂ ಇಲ್ಲ. ಹಿಂದಿನ ಸೀಟು ಮಡಚಿದರೂ ಸಮತಟ್ಟಾಗುವುದಿಲ್ಲ, ಸೊಂಟದ ಕೆಳಗೆ ಒಂದು ದಿಣ್ಣೆ ಉಳಿಯುತ್ತದೆ. ಬೆಳಿಗ್ಗೆ ಗಾಜಿನ ಒಳಮೈಯೆಲ್ಲ ಉಸಿರಿನ ಹನಿ. ಒಬ್ಬನೇ ಹೋಗುವವನಿಗೆ, ಐದೂವರೆ ಅಡಿಯೊಳಗಿನವನಿಗೆ ಸರಿ.

ಎರಡನೆಯ ವರ್ಷ 280 ಡಾಲರ್ ಕೊಟ್ಟು ಸ್ವಾಗ್ ಕೊಂಡೆ. ಹಿಂದೆ ಈ ದೇಶದ ಕೂಲಿಗಳು ಬೆನ್ನಿಗೆ ಹೊತ್ತು ಊರೂರು ಅಲೆಯುತ್ತಿದ್ದ ಹಾಸಿಗೆ ಸುರುಳಿಯ ಹೆಸರು ಅದು. ಈಗಿನದು ದಪ್ಪ ಕ್ಯಾನ್ವಾಸಿನ ಚೀಲ, ಒಳಗೆ ಫೋಮ್ ಹಾಸಿಗೆ, ತಲೆಯ ಕಡೆ ಸಣ್ಣ ಕಮಾನು, ಸೊಳ್ಳೆಪರದೆ. ನೋಡಿದೊಡನೆ ಅಪ್ಪ ರೈಲು ಪ್ರಯಾಣಕ್ಕೆ ಬೆಲ್ಟು ಬಿಗಿದು ಒಯ್ಯುತ್ತಿದ್ದ ಹೋಲ್ಡಾಲ್ ನೆನಪಾಯಿತು. ಬಹುಶಃ ಮನಸ್ಸು ಸೋತದ್ದು ಅಲ್ಲೇ.

ಕೊಂಡ ಕೂಡಲೇ ಒಂದು ಕೆಲಸ ಇದೆ. ಹೊಸ ಕ್ಯಾನ್ವಾಸಿಗೆ ಪೈಪಿನಿಂದ ನೀರು ಬಿಟ್ಟು ತೋಯಿಸಿ, ಪೂರ್ತಿ ಒಣಗಿಸಿ, ಮತ್ತೆ ತೋಯಿಸಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಹೊಲಿಗೆಯ ದಾರ ಉಬ್ಬಿ ಸೂಜಿಯ ತೂತುಗಳು ಮುಚ್ಚಿಕೊಳ್ಳುತ್ತವೆ. ಬಿಟ್ಟರೆ ಮೊದಲ ಮಳೆಗೇ ಸೋರುತ್ತದೆ.

ಸ್ವಾಗಿಗೂ ಜಿಪ್ಪು ಇದೆ, ಧೂಳಿಗೂ ಅದು ಗೊತ್ತು. ಆದರೆ ಈ ಜಿಪ್ಪಿನ ಹಲ್ಲು ದಪ್ಪ, ಮೇಲೆ ಕ್ಯಾನ್ವಾಸಿನ ಮಡಿಕೆ ಮುಚ್ಚಿಕೊಂಡಿರುತ್ತದೆ. ಸಂಜೆಗೊಮ್ಮೆ ಮೇಣ ಉಜ್ಜಿದೆ, ಎರಡು ರಾತ್ರಿ ತೊಂದರೆ ಕೊಡಲಿಲ್ಲ. ಹಾಸಿಗೆ ಒಳಗೇ ಇರುವುದರಿಂದ ಬಿಡಿಸಿದರೆ ಮುಗಿಯಿತು. ಮೇಲಿನ ಮುಚ್ಚಳ ತೆರೆದು ಪರದೆಯ ಮೂಲಕ ನಕ್ಷತ್ರ ನೋಡುತ್ತಾ ಮಲಗಿದೆ. ಬೂಲಿಯಾದ ಸುತ್ತ ರಾತ್ರಿ ಹೊತ್ತು ತೇಲಾಡುವ ಮಿನ್ ಮಿನ್ ಬೆಳಕಿನ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನನಗೂ ಒಂದು ಬೆಳಕು ತೇಲುತ್ತಾ ಹತ್ತಿರ ಬಂದದ್ದು ಕಂಡಿತು. ಹಣೆಗೆ ದೀಪ ಕಟ್ಟಿಕೊಂಡು ಶೌಚಾಲಯ ಹುಡುಕುತ್ತಿದ್ದ ಧಾರವಾಡದವನು.

ಕೊರತೆ ಎರಡು. ಪ್ಯಾಂಟು ಬದಲಿಸಬೇಕೆಂದರೆ ಮಲಗಿದಲ್ಲೇ ಮೀನಿನಂತೆ ಹೊರಳಬೇಕು. ಇನ್ನೊಂದು ಗಾತ್ರ. ಮಡಚಿದಾಗಲೂ ಒಳ್ಳೆಯ ಅಕ್ಕಿಮೂಟೆಯಷ್ಟಿರುತ್ತದೆ, ಮೂರು ಸ್ವಾಗ್ ಇಟ್ಟರೆ ಕಾರಿನ ಹಿಂಬದಿ ಮುಗಿಯಿತು. ಅಡುಗೆಯ ಸಾಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ವಿಮಾನದಲ್ಲಿ ಬಂದು ಬಾಡಿಗೆ ಕಾರು ಹಿಡಿಯುವವರಿಗೆ ಇದು ಆಗದ ಮಾತು. ಮಕ್ಕಳಿರುವ ಸಂಸಾರಕ್ಕೂ ಟೆಂಟೇ ಸರಿ, ಆದರೆ ಜಿಪ್ಪು ನೋಡಿ ಕೊಳ್ಳಿ.

ನಿದ್ದೆ ಆದದ್ದರಿಂದಲೇ ಎರಡನೆಯ ವರ್ಷ ಓಟವನ್ನು ಕಣ್ಣು ತುಂಬಾ ನೋಡಿದೆ. ಸವಾರರು ಡುಬ್ಬದ ಹಿಂದೆ ಕೂರುತ್ತಾರೆ. ಕೆಲವು ಒಂಟೆಗಳು ಬಾಣದಂತೆ ಬರುತ್ತವೆ, ಒಂದು ಅರ್ಧದಲ್ಲಿ ನಿಂತು ಬೇಲಿಯಾಚೆಯ ಜನರನ್ನು ನೋಡುತ್ತಾ ಉಳಿಯಿತು. ದೊಡ್ಡ ಬಹುಮಾನದ ಓಟ 1,500 ಮೀಟರ್. ಊರಿನ ಪಕ್ಕದ ನದಿಯ ಹೆಸರು ಬರ್ಕ್. 1860ರಲ್ಲಿ ಕರಾಚಿಯಿಂದ ತಂದ ಒಂಟೆಗಳನ್ನು ಕಟ್ಟಿಕೊಂಡು ಮೆಲ್ಬರ್ನಿನಿಂದ ಉತ್ತರಕ್ಕೆ ಹೊರಟ ಅನ್ವೇಷಕ ಬರ್ಕನ ಹೆಸರು. ಆಮೇಲೆ ಬಲೂಚಿಸ್ತಾನ, ಸಿಂಧ್, ಪಂಜಾಬಿನ ಕಡೆಯಿಂದಲೂ ಒಂಟೆಯವರು ಬಂದರು, ಇಲ್ಲಿಯವರು ಎಲ್ಲರನ್ನೂ ‘ಅಫ್ಘನ್’ ಎಂದೇ ಕರೆದರು. ಒಂಟೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವಾಗ ಒಬ್ಬರು ನಮ್ಮನ್ನೂ ‘ನಿಮ್ಮ ಕಡೆಯ ಪ್ರಾಣಿ ಅಲ್ಲವೇ?’ ಎಂದು ಕೇಳಿದರು. ಮೈಸೂರು ದಸರಾದಲ್ಲಿ ಬಿಟ್ಟರೆ ಹತ್ತಿರದಿಂದ ಕಂಡಿಲ್ಲ ಎಂದು ಹೇಳಲು ಸಂಕೋಚವಾಗಿ ತಲೆಯಾಡಿಸಿದೆವು.

ವರ್ಷಕ್ಕೆ ಎರಡು ಮೂರು ಸಲ ಹೋಗುವವನು, ಒಬ್ಬನೇ ಮಲಗುವವನು, ರಾತ್ರಿ ಒಮ್ಮೆಯಾದರೂ ಏಳಲೇಬೇಕಾದ ವಯಸ್ಸಿನವನು ನಾನು. 280 ಡಾಲರ್ ದುಬಾರಿ ಅನ್ನಿಸಿಲ್ಲ. ಧಾರವಾಡದವನೂ ತನ್ನದೇ ಸ್ವಾಗ್ ಕೊಂಡ. ಶಿವಮೊಗ್ಗದವನು ಇನ್ನೂ ಕಡ ತಂದದ್ದರಲ್ಲೇ ಮಲಗುತ್ತಾನೆ, ಅವನ ಎಣ್ಣೆಯ ಶೀಶೆಯನ್ನು ಹೊರಡುವ ಮೊದಲೇ ತಪಾಸಣೆ ಮಾಡುತ್ತೇವೆ. ಟೆಂಟಿನ ಪರದೆಯ ಭಾಗವನ್ನು ನನ್ನ ಹೆಂಡತಿ ಕತ್ತರಿಸಿಕೊಂಡಿದ್ದಾಳೆ. ಹಿತ್ತಲಲ್ಲಿ ಸಂಡಿಗೆ ಒಣಗುವಾಗ ಹಕ್ಕಿಗಳು ಬಾರದಂತೆ ಅದನ್ನೇ ಹೊದಿಸುತ್ತಾಳೆ.