ಗ್ರಹಣದ ರಾತ್ರಿ, ಒಂದು ಪಾಯಿಂಟ್ ಸೋಲು, ಸಾಗರದ ಹತ್ತಿರ ಒಂದು ಹೋಂಸ್ಟೇ

ಹೋಂಸ್ಟೇ ಹೆಸರು ಹಾಕುತ್ತಿಲ್ಲ. ಮನೆಯ ಯಜಮಾನರಾದ ನಾಯ್ಕರೇ ಬೇಡ ಅಂದರು. "ಇರೋದೇ ಎರಡು ಕೋಣೆ ತಂಗಿ. ಫೋನ್ ಜಾಸ್ತಿ ಬಂದ್ರೆ ಗದ್ದೆ ಕೆಲಸ ನಿಂತೋಗುತ್ತೆ." ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಇಷ್ಟು ಸಾಕು.

ನಾವು ಹೋಗಿದ್ದು 2023ರ ಅಕ್ಟೋಬರ್ 28, ಶನಿವಾರ. ನಾನು, ನನ್ನ ಗಂಡ, ಮೈದುನ. ಗಂಡ ಹೆಂಡತಿ ಇಬ್ಬರೂ ಆರು ವರ್ಷ ಆಕ್ಲೆಂಡ್‌ನಲ್ಲಿದ್ದು, ಈಗ ಶಿವಮೊಗ್ಗದ ವಿನೋಬನಗರಕ್ಕೆ ವಾಪಸ್ ಬಂದಿದ್ದೇವೆ. ಅಲ್ಲಿಂದ ಬರುವಾಗ ನ್ಯೂಜಿಲೆಂಡ್ ತಂಡದ ಒಂದು ಕಪ್ಪು ಜೆರ್ಸಿ ಮತ್ತು ರಗ್ಬಿ ಹುಚ್ಚು ಜೊತೆಗೆ ಬಂತು. ಹುಚ್ಚು ನನಗೇ ಜಾಸ್ತಿ. ಮೈದುನ ದಕ್ಷಿಣ ಆಫ್ರಿಕಾ ಪಾರ್ಟಿ. ಕಾರಣ ಏನೂ ಇಲ್ಲ, ಅತ್ತಿಗೆಗೆ ಎದುರು ಕೂರಬೇಕು ಅಷ್ಟೇ. ಅವತ್ತು ಪ್ಯಾರಿಸ್‌ನಲ್ಲಿ ವಿಶ್ವಕಪ್ ಫೈನಲ್, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ನಮಗೆ ಅದು ರಾತ್ರಿ 12:30. ಮನೆಯಲ್ಲಿ ನೋಡಿದರೆ ನಾನು ಕಿರುಚುವುದಕ್ಕೆ ಮಾವ ಎದ್ದು ಬರುತ್ತಾರೆ. ಅದಕ್ಕೇ ಫೋನಿನಲ್ಲಿ ನಾಯ್ಕರಿಗೆ ಎರಡೇ ಪ್ರಶ್ನೆ ಕೇಳಿದ್ದೆ: ಇಂಟರ್ನೆಟ್ ಇದೆಯಾ, ನಡುರಾತ್ರಿ ಕೂಗಾಡಬಹುದಾ? ಎರಡಕ್ಕೂ "ಹ್ಞೂಂ" ಅಂದಿದ್ದರು.

ಅವತ್ತು ಭೂಮಿ ಹುಣ್ಣಿಮೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವಳು, ನಾಚಿಕೆ ಆಯಿತು. ಗದ್ದೆಯಲ್ಲಿ ಭತ್ತ ತೆನೆಗೆ ಬರುವ ಹೊತ್ತು, ಭೂಮಿತಾಯಿ ಬಸುರಿ, ಅವಳಿಗೆ ಸೀಮಂತ. ಹಿಂದಿನ ರಾತ್ರಿಯೆಲ್ಲ ಮನೆಯ ಹೆಂಗಸರು ನಿದ್ದೆ ಬಿಟ್ಟು ಅಡುಗೆ ಮಾಡಿದ್ದರು. ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಚರಗ ಚೆಲ್ಲಿ ಪೂಜೆ ಮುಗಿಸಿದ್ದರು. ನಾವು ಹನ್ನೊಂದಕ್ಕೆ ಹೋದಾಗ ಜಗಲಿಯ ಮೇಲೆ ಭೂಮಣ್ಣಿ ಬುಟ್ಟಿ, ಅಂದರೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಇತ್ತು. ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯ ಚಿತ್ತಾರ. ಅಜ್ಜಿ ಬರೆದದ್ದಂತೆ. ನನ್ನ ಗಂಡ ಅದನ್ನು ಮಾರುತ್ತೀರಾ ಅಂತ ಕೇಳಿಬಿಟ್ಟರು. ಅಜ್ಜಿ ಉತ್ತರ ಕೊಡಲಿಲ್ಲ, ಮೇಲೆ ಕೆಳಗೆ ನೋಡಿದರು. ಸಾಕಾಯಿತು.

ಊಟದ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮಧ್ಯಾಹ್ನ ಬಾಳೆ ಎಲೆಗೆ ಹಲಸಿನೆಲೆಯ ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಅಮಟೆಕಾಯಿ ಗೊಜ್ಜು, ಮೊಸರನ್ನ, ಹೋಳಿಗೆ. ಇದೆಲ್ಲ ಚೆನ್ನಾಗಿತ್ತು. ಆದರೆ ನಾನು ಮೂರು ಸಲ ಹಾಕಿಸಿಕೊಂಡದ್ದು ಬೆರಕೆ ಸೊಪ್ಪಿನ ಪಲ್ಯ. ಕಾಡು, ಬೇಲಿ, ಹಿತ್ತಲು ಎಲ್ಲ ಕಡೆಯಿಂದ ಕೊಯ್ದು ತಂದ ಸೊಪ್ಪು ಒಟ್ಟಿಗೆ ಬೆಂದಿರುತ್ತದೆ. ಒಂದು ತುತ್ತು ಕಹಿ, ಇನ್ನೊಂದು ಹುಳಿ. ಸಾಗರ ಪೇಟೆಯ ಯಾವ ಹೋಟೆಲಿನಲ್ಲೂ ಇದು ಸಿಗಲ್ಲ. ಹಬ್ಬದ ದಿನ ಹೋಗಿದ್ದಕ್ಕೆ ಸಿಕ್ಕಿದ್ದು, ಬೇರೆ ದಿನ ಹೋಗಿ ನಿರೀಕ್ಷೆ ಮಾಡಬೇಡಿ.

ಕೋಣೆ ಚಿಕ್ಕದು, ಸ್ವಚ್ಛ. ಹೊದಿಕೆಗೆ ಮಳೆಗಾಲದ ಮುಗ್ಗಲು ವಾಸನೆ ಇನ್ನೂ ಹೋಗಿರಲಿಲ್ಲ.

ಇನ್ನು ಗ್ರಹಣ. ಅವತ್ತೇ ರಾತ್ರಿ ಚಂದ್ರಗ್ರಹಣ, 1:05ಕ್ಕೆ ಹಿಡಿದು 2:20ರ ಮೇಲೆ ಬಿಡುವುದು. ಅಜ್ಜಿ ಮಧ್ಯಾಹ್ನವೇ ಕೊನೆಯ ಊಟ ಮುಗಿಸಿ, ಉಳಿದ ಪಾತ್ರೆಗಳ ಮೇಲೆ ದರ್ಭೆ ಇಟ್ಟರು. ನಮಗೆ ಅಕ್ಕ (ನಾಯ್ಕರ ಹೆಂಡತಿ) ಕದ್ದು ಏಳು ಗಂಟೆಗೆ ಗಂಜಿ, ಉಪ್ಪಿನಕಾಯಿ ಕೊಟ್ಟರು. "ಹನ್ನೆರಡರ ಮೇಲೆ ಒಲೆ ಹಚ್ಚಲ್ಲ, ಕಾಫಿ ಕೇಳಬೇಡಿ" ಅಂದರು. ಹಾಫ್ ಟೈಮ್ ಸರಿಯಾಗಿ ಗ್ರಹಣದ ನಡುವೆ ಬರುತ್ತದೆ ಅಂತ ಆಗ ಲೆಕ್ಕ ಹಾಕಿದೆ. ಇದನ್ನು ಸೇವೆಯ ಲೋಪ ಅನ್ನಬೇಕೋ, ನನ್ನ ಹಣೆಬರಹ ಅನ್ನಬೇಕೋ ಗೊತ್ತಾಗಲಿಲ್ಲ.

ಟಿವಿಯಲ್ಲಿ ಆ ಚಾನೆಲ್ ಇರಲಿಲ್ಲ, ಲ್ಯಾಪ್‌ಟಾಪ್ ಇಟ್ಟುಕೊಂಡೆವು. ನಾಯ್ಕರು "ನಿದ್ದೆ ಬರ್ತಿಲ್ಲ" ಅಂತ ಬಂದು ಕಂಬಕ್ಕೆ ಒರಗಿ ಕೂತರು. ಚಿಕ್ಕಂದಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಆಡಿದವರು. ರಗ್ಬಿ ಅವತ್ತೇ ಮೊದಲು ನೋಡಿದ್ದು. ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದರೆ (ಟ್ರೈ) ಐದು, ಆಮೇಲಿನ ಒದೆತಕ್ಕೆ (ಕನ್ವರ್ಷನ್) ಎರಡು, ಪೆನಾಲ್ಟಿ ಒದ್ದರೆ ಮೂರು. ಇಷ್ಟು ಹೇಳಿಕೊಟ್ಟೆ.

ಮೂರನೇ ನಿಮಿಷಕ್ಕೇ ನಮ್ಮ ಫ್ರಿಜೆಲ್‌ಗೆ ಹಳದಿ ಕಾರ್ಡ್, ಅಂದರೆ ಹತ್ತು ನಿಮಿಷ ಹೊರಗೆ. ಮುಂದೆ 27ನೇ ನಿಮಿಷದ ಹೊತ್ತಿಗೆ ನಾಯಕ ಸ್ಯಾಮ್ ಕೇನ್, ಎದುರಾಳಿ ಜೆಸ್ಸಿ ಕ್ರೀಲ್‌ನ ತಲೆಗೆ ತಾಗುವ ಹಾಗೆ ಗುದ್ದಿದ. ಮೊದಲು ಹಳದಿ. ಮೈದಾನದ ಹೊರಗಿನ ರೆಫರಿ ವಿಡಿಯೋ ನೋಡಿ ಅದನ್ನು ಕೆಂಪು ಮಾಡಿದ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ತಿಂದ ಮೊದಲ ಆಟಗಾರ, ಅದೂ ಕ್ಯಾಪ್ಟನ್! ಹೊರಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಂದ್ರನ ಅಂಚು ಕಪ್ಪಾಗತೊಡಗಿತ್ತು. ಮೈದುನ ನಕ್ಕ. ನಾನು ಅವನ ಜೊತೆ ಮಾತು ಬಿಟ್ಟೆ.

ಹಾಫ್ ಟೈಮ್‌ಗೆ 12-6. ಅವರ ಹನ್ನೆರಡೂ ಪೊಲ್ಲಾರ್ಡ್ ಒದ್ದ ಪೆನಾಲ್ಟಿ. ಆಮೇಲೆ ನಮ್ಮವರು ಹದಿನಾಲ್ಕು ಜನರಲ್ಲೇ ಆಡಿ, ಬೋಡನ್ ಬ್ಯಾರೆಟ್ 58ನೇ ನಿಮಿಷಕ್ಕೆ ಟ್ರೈ ಹೊಡೆದ. ಮೊವುಂಗಾ ಕನ್ವರ್ಷನ್ ಒದೆಯಲು ಚೆಂಡು ಇಡುತ್ತಿದ್ದಾನೆ, ಆಗ ವೀಡಿಯೊ ನಿಂತಿತು. ಚಕ್ರ ತಿರುಗುತ್ತಿದೆ. ವಾಪಸ್ ಬಂದಾಗ 12-11 ಅಂತ ಇತ್ತು. ಫೈಬರ್ ಲೈನ್ ಇದೆ ಅಂತ ನಂಬಿ ಹೋಗುವವರು ಇದನ್ನು ನೆನಪಿಡಿ. ಕೊನೆಗೆ ಅದೇ ಸ್ಕೋರ್ ಉಳಿಯಿತು.

ಗ್ರಹಣವೂ ಹತ್ತಿರ ಹತ್ತಿರ ಅದೇ ಹೊತ್ತಿಗೆ ಬಿಟ್ಟಿತು. ಆಮೇಲಿನದನ್ನು ಯಾವ ಹೋಂಸ್ಟೇಯಲ್ಲೂ ನೋಡಿಲ್ಲ. ಅಕ್ಕ ಎದ್ದು, ಹಂಡೆ ನೀರಿನಲ್ಲಿ ಸ್ನಾನ ಮುಗಿಸಿ, ಮೂರು ಗಂಟೆಗೆ ನಮಗೆಲ್ಲ ಬೆಲ್ಲದ ಕಾಫಿ ಮಾಡಿಕೊಟ್ಟರು. ನಾವು ಜಗಲಿಯ ಮೇಲೆ ಕೂತು ಜಗಳ ಶುರು ಮಾಡಿದೆವು.

ನನ್ನ ವಾದ: ಸೋತದ್ದು ಕೇನ್‌ನಿಂದ ಅಲ್ಲ, 73ನೇ ನಿಮಿಷದ ಪೆನಾಲ್ಟಿಯಿಂದ. ಆಗಷ್ಟೇ ಅವರ ಕೋಲ್ಬೆ ಹಳದಿ ಕಾರ್ಡ್ ತಿಂದು ಹೊರಗೆ ಕೂತಿದ್ದ. ಎರಡೂ ಕಡೆ ಹದಿನಾಲ್ಕು ಜನ. ಅಷ್ಟು ದೂರದಿಂದ ಜೋರ್ಡಿ ಬ್ಯಾರೆಟ್ ಕೈಯಲ್ಲಿ ಒದೆಸುವ ಬದಲು ಚೆಂಡನ್ನು ಮೂಲೆಗೆ ಹೊಡೆದು ಲೈನ್‌ಔಟ್ (ಅಂಚಿನ ಗೆರೆಯಿಂದ ಚೆಂಡು ಎಸೆದು ಆಟ ಶುರು ಮಾಡುವುದು) ತೆಗೆದುಕೊಳ್ಳಬೇಕಿತ್ತು. ಗಂಡ ಒಪ್ಪಲಿಲ್ಲ. ಆ ಒದೆತ ತಪ್ಪದೇ ಇದ್ದಿದ್ದರೆ 14-12, ನೀನೇ ಕುಣಿಯುತ್ತಿದ್ದೆ ಅಂದರು. ಅದೂ ನಿಜವೇ. ಮೈದುನ ಫೋನ್ ನೋಡಿ, ದಕ್ಷಿಣ ಆಫ್ರಿಕಾದ ಡು ಟಾಯ್ 28 ಟ್ಯಾಕಲ್ ಮಾಡಿದ್ದಾನೆ, ಅಂದರೆ 28 ಸಲ ಎದುರಾಳಿಯನ್ನು ಹಿಡಿದು ಕೆಡವಿದ್ದಾನೆ, ಸುಮ್ನೆ ಒಪ್ಪಿಕೊಳ್ಳಿ ಅತ್ತಿಗೆ ಅಂದ.

ಅಲ್ಲಿಯವರೆಗೆ ಸುಮ್ಮನಿದ್ದ ನಾಯ್ಕರು ಲೋಟ ಕೆಳಗಿಟ್ಟರು. "28 ಸಲ ಬಗ್ಗಿದ್ದಾನೆ ಅನ್ನಿ. ನಿಮ್ಮ ಕ್ಯಾಪ್ಟನ್ ಒಂದೇ ಸಲ ಬಗ್ಗಲಿಲ್ಲ." ಎದ್ದು ನಿಂತು ತೋರಿಸಿದರು. ಎದುರಿನವನು ದಿಕ್ಕು ಬದಲಾಯಿಸಿದಾಗ ಸೊಂಟದ ಕೆಳಗೆ ಇಳಿಯಬೇಕು. ನೆಟ್ಟಗೆ ನಿಂತೇ ಕಾದರೆ ತಲೆಗೆ ತಲೆ ತಾಗುತ್ತದೆ. ಕಬಡ್ಡಿಯಲ್ಲಾದರೆ ರೈಡರ್ ತಪ್ಪಿಸಿಕೊಳ್ಳುತ್ತಾನೆ, ಇಲ್ಲಿ ಕೆಂಪು ಕಾರ್ಡ್. "ಬೇಕಂತ ಮಾಡಿದ್ದಲ್ಲ. ಸುಸ್ತಲ್ಲಿ ಮಂಡಿ ಬಗ್ಗಲ್ಲ, ನಂಗೂ ಆಗಿದೆ." ಆರು ವರ್ಷ ಆಕ್ಲೆಂಡ್‌ನಲ್ಲಿ ಕೇಳಿದ ಯಾವ ವಿಶ್ಲೇಷಣೆಯೂ ಇಷ್ಟು ಸುಲಭವಾಗಿ ಅರ್ಥ ಆಗಿರಲಿಲ್ಲ.

ನಾಯ್ಕರ ಕಣ್ಣಿಗೆ ಬಿದ್ದ ಹುಡುಗ ನಮ್ಮ 11ನೇ ನಂಬರ್, ಮಾರ್ಕ್ ಟೆಲೆಯಾ. "ಇಬ್ಬರು ಹಿಡಿದರೂ ಕಾಲು ಆಡ್ತಾನೇ ಇರುತ್ತೆ ನೋಡಿ." ಬ್ಯಾರೆಟ್‌ನ ಟ್ರೈಗೆ ಚೆಂಡು ದಾಟಿಸಿದ್ದೂ ಅವನೇ. ಶಿಸ್ತು ಮುರಿದ ಅಂತ ಕ್ವಾರ್ಟರ್ ಫೈನಲ್‌ನಲ್ಲಿ ಅವನನ್ನು ಹೊರಗೆ ಕೂರಿಸಿದ್ದರು ಅಂತ ಹೇಳಿದೆ. "ಕೂರಿಸಬೇಕು" ಅಂದರು ನಾಯ್ಕರು, "ಆಮೇಲೆ ಆಡಿಸಲೂ ಬೇಕು." ಭಾನುವಾರ ರಾತ್ರಿ ಮನೆಗೆ ಬಂದು ನೋಡಿದರೆ, ವರ್ಷದ ಹೊಸ ಪ್ರತಿಭೆ ಪ್ರಶಸ್ತಿ ಅದೇ ಟೆಲೆಯಾಗೆ! ನಾಯ್ಕರಿಗೆ ಫೋನ್ ಮಾಡಿ ಹೇಳಿದೆ. ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ.

ದೂರುಗಳು: ಬಚ್ಚಲಿಗೆ ಇಳಿಯುವ ಮೆಟ್ಟಿಲಲ್ಲಿ ಪಾಚಿ ಇದೆ, ಗಂಡ ಒಮ್ಮೆ ಜಾರಿದರು. ಹಿಡಿದುಕೊಳ್ಳಲು ಏನಾದರೂ ಹಾಕಿಸಿ ಅಂದೆ, ಹಾಕಿಸುತ್ತೇವೆ ಅಂದಿದ್ದಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕೇಳಿಕೊಂಡು ಹೋಗಿ. ನಾವು ಕೊಟ್ಟದ್ದು ತಿಂಡಿ ಊಟ ಸೇರಿ ಒಬ್ಬರಿಗೆ 1,600 ರೂಪಾಯಿ. ಬೆಳಗ್ಗೆ ಹತ್ತಕ್ಕೆ ಎದ್ದರೂ ಬಿಸಿ ದೋಸೆ, ಜೋನಿ ಬೆಲ್ಲ, ತುಪ್ಪ ಸಿಕ್ಕಿತು. ಯಾರೂ ಮುಖ ಸಣ್ಣ ಮಾಡಲಿಲ್ಲ.

ಹೊರಡುವಾಗ ನಾಯ್ಕರು ಮುಂದಿನ ವಿಶ್ವಕಪ್ ಯಾವಾಗ ಅಂತ ಕೇಳಿದರು. 2027ರಲ್ಲಿ, ಆಸ್ಟ್ರೇಲಿಯಾದಲ್ಲಿ, ಅಲ್ಲಿ ಸಂಜೆ ಆಡಿದರೆ ನಮಗೆ ಮಧ್ಯಾಹ್ನ ಅಂದೆ.

ಅಕ್ಕ ಒಳಗಿಂದಲೇ ಹೇಳಿದರು: "ಹಂಗಾದ್ರೆ ಕಾಫಿಗೆ ತೊಂದ್ರೆ ಇಲ್ಲ. ಗ್ರಹಣ ಒಂದು ನೋಡ್ಕೊಂಡು ಬನ್ನಿ."