ಸಪ್ತಾಪುರದಾಗ ಹಸಿ ಕಸ ಒಯ್ಯೋ ಸರ್ವಿಸ್, ಆರು ತಿಂಗಳು ತಗೊಂಡ ಮ್ಯಾಲೆ ಬರಿಯಾಕತ್ತೀನಿ

ಧಾರವಾಡದಾಗ ಸಪ್ತಾಪುರ ಕಡೆ ಇರೋರಿಗೆ ಹೇಳ್ತೀನ್ರಿ, ಮನಿಗೆ ಬಂದು ಹಸಿ ಕಸ ಒಯ್ದು ಗೊಬ್ಬರ ಮಾಡೋ ಒಂದು ಮಹಿಳಾ ಸಂಘ ಐತಿ. ತಿಂಗಳಿಗೆ 200 ರೂಪಾಯಿ, ಮುಚ್ಚಳದ ಬಕೆಟ್ ಎರಡು ಅವ್ರ ಕೊಡ್ತಾರ, ತುಂಬಿದ್ದು ಒಯ್ದು ತೊಳದಿದ್ದು ಇಟ್ಟು ಹೋಗ್ತಾರ, ಹುಳ ಇಲ್ಲ, ವಾಸನಿ ಇಲ್ಲ. ಗೊಬ್ಬರನೂ ಛಲೋ ಐತಿ, ಕೈಯಾಗ ಹಿಡದ್ರ ಪುಡಿಪುಡಿ, ಮಳಿ ಬಿದ್ದ ಮಣ್ಣಿನ ವಾಸನಿ.

ಮೊದ್ಲ ಇನ್ನೊಂದು ಕಡೆ ತಗೋತಿದ್ವಿ, ಹೆಸ್ರು ಬ್ಯಾಡ. ಆಪ್ ಇತ್ತು, ಟೈಮಿಗೆ ಬರ್ತಿದ್ರು, ಖರೆ. ಒಂದಿನ ಗೊಬ್ಬರ ತರಾಕ ಅವ್ರ ಶೆಡ್ಡಿಗೆ ಹೋದೆ. ಕಸ ಆರಿಸೋ ಹೆಣ್ಮಕ್ಕಳ ಕೈಗೆ ಗ್ಲೌಸ್ ಇಲ್ಲ. ಚಹಾ ಬಂತು, ನನಗ ಸ್ಟೀಲ್ ಲೋಟ, ಅವ್ರಿಗೆ ಕಿಟಕಿ ಕಟ್ಟಿಮ್ಯಾಲೆ ಬ್ಯಾರೆನ ಇಟ್ಟಿದ್ದ ಪ್ಲಾಸ್ಟಿಕ್ ಲೋಟ, ಕುಡದು ತಾವ ತೊಳದು ಅಲ್ಲೇ ಬೋರಲ ಹಾಕಬೇಕು. ನನಗ ಆ ಚಹಾ ಗಂಟಲಾಗ ಇಳೀಲಿಲ್ರಿ. ಮರದಿನನ ಬಿಟ್ಟೆ. ಕೆಲಸದವರಿಗೆ ಗ್ಲೌಸ್, ಮಾಸ್ಕ್, ಬೂಟು ಕೊಡಬೇಕಂತ 2016ರ ಘನತ್ಯಾಜ್ಯ ನಿಯಮದಾಗನ ಬರದಿತ್ತು, ಆದ್ರ ಆ ಲೋಟಕ್ಕ ಯಾವ ನಿಯಮ ಹೇಳೋಣ.

ಎಂಎ ಓದೋ ಮಗಳ ಮುಂದ ಇದನ್ನ ಹೇಳಿದ್ರ ಆಕಿ ಅಮೆರಿಕಾದ ಮಾತು ತಗದ್ಲು. 1982ರಾಗ ನಾರ್ತ್ ಕೆರೊಲಿನಾದ ವಾರೆನ್ ಕೌಂಟಿಯೊಳಗ, ಕಪ್ಪು ಜನ ಹೆಚ್ಚಿರೋ ಕಡೆ, ಪಿಸಿಬಿ ಅನ್ನೋ ವಿಷ ಬೆರೆತ ಮಣ್ಣು ತಂದು ಹೂಳಾಕ ಹತ್ತಿದ್ರಂತ, ಜನ ಲಾರಿಗೆ ಅಡ್ಡ ಮಲಗಿದ್ರು, 500ಕ್ಕೂ ಹೆಚ್ಚು ಮಂದಿ ಅರೆಸ್ಟ್ ಆದ್ರು. ಮುಂದ 1987ರಾಗ ಅಲ್ಲಿ ಒಂದು ಚರ್ಚ್ ಸಂಸ್ಥೆ ಲೆಕ್ಕ ಹಾಕಿ ನೋಡಿದ್ರ, ವಿಷದ ಕಸ ಎಲ್ಲಿ ಬೀಳತೈತಿ ಅನ್ನೋದಕ್ಕ ಬಡತನಕ್ಕಿಂತ ಜನಾಂಗನ ದೊಡ್ಡ ಗುರುತು ಅಂತ ಬಂತು. ಅಲ್ಲಿ ಬಣ್ಣ, ಇಲ್ಲಿ ಜಾತಿ. ನಮ್ಮ ಮನಿ ಕಸ ವರ್ಷಗಟ್ಲೆ ಹೋಗಿ ಬಿದ್ದದ್ದು ಹೊಸಯಲ್ಲಾಪುರದ ಯಾರ್ಡಿಗೆ, ಅದನ್ನ ಹೊತ್ತೋರು ಯಾರು, ಅದರ ಬಾಜೂ ಮಲಗೋರು ಯಾರು ಅಂತ ನಾ ಒಮ್ಮೆನೂ ಕೇಳಿರಲಿಲ್ಲ.

ಈ ಸಂಘದಾಗ ನನಗ ಮನಸ್ಸಿಗೆ ಹಿಡಿದಿದ್ದು ಪಾಳಿ. ಲೆಕ್ಕ ಬರಿಯೋ ಅಕ್ಕಾನೂ ತನ್ನ ಪಾಳಿ ಬಂದಾಗ ಬಕೆಟ್ ತೊಳೀತಾಳ, ಬಕೆಟ್ ತೊಳಿಯೋಕಿ ಲೆಕ್ಕ ಕಲೀತಾಳ, ಎಲ್ಲಾ ಜಾತಿಯವರೂ ಅದಾರ, ಚಹಾ ಒಂದ ಕಿಟ್ಲಿ, ಲೋಟ ಎಲ್ಲಾ ಒಂದ ಥರ. ಒಬ್ಬಾಕಿ ತನ್ನ ಹೆಬ್ಬಟ್ಟು ತೋರಿಸಿ "ಬ್ಲೇಡ್ ಕಸದಾಗ ಹಾಕಬ್ಯಾಡ್ರಿ ಅಕ್ಕಾರ" ಅಂದ್ಲು, ಉಗುರಿನಿಂದ ಗೆಣ್ಣಿನ ತನಕ ಹಳೆ ಗಾಯದ ಗೆರಿ. ಮೊದ್ಲ ಬ್ಯಾರೆ ಕಡೆ ಗ್ಲೌಸ್ ಇಲ್ದ ಮಾಡಿದಾಗ ಆದದ್ದಂತ. ಆವತ್ತಿಂದ ನಮ್ಮ ಮನ್ಯಾಗ ಬ್ಲೇಡ್, ಒಡೆದ ಗಾಜು ಪೇಪರಿನಾಗ ಸುತ್ತಿ ಮ್ಯಾಲೆ ಬರದು ಬ್ಯಾರೆ ಕೊಡ್ತೀವಿ, ಪ್ಯಾಡ್ ಡೈಪರ್‌ನೂ ಹಂಗ.

ತೊಂದ್ರಿ ಐತಿ, ಜೋರು ಮಳ್ಯಾಗ ಒಂದೊಂದ ದಿನ ಗಾಡಿ ಬರಂಗಿಲ್ಲ, ರವಿವಾರ ರಜಾ. 5ಕ್ಕ 4 ಕೊಡ್ತೀನಿ. ಹಾಂ, ಮುಂಜಾನೆ ಏಳಕ್ಕ ಬರ್ತಾರ ಅಂತ ಬಕೆಟ್ ರಾತ್ರಿನ ಹೊರಗ ಇಡಬ್ಯಾಡ್ರಿ, ನಾಯಿ ಎಳದು ಚೆಲ್ಲಿದ್ರ ಮತ್ತ ಬಗ್ಗಿ ಬಳಿಯೋರು ಅವ್ರ.