ಹಳೆಯ ಜಾಝ್ ಬೇಸ್: ಇದ್ದ ಹಾಗೇ ಉಳಿಸೋದಾ, ಬದಲಿಸೋದಾ?

70ರ ದಶಕದ ಫೆಂಡರ್ ಕಂಪನಿಯ ಜಾಝ್ ಬೇಸ್ ಗಿಟಾರ್ ಸಿಕ್ಕಿದೆಯಾ? ಬಣ್ಣ, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಬೆಸುಗೆ ಎಲ್ಲ ಮೂಲದ್ದೇ ಆಗಿದ್ದರೆ ರಿಪೇರಿಯಷ್ಟೇ ಸಾಕು. ಕರಕರ ಅನ್ನುವ ಪಾಟ್‌ಗೆ (ನಾಬ್‌ನ ಕೆಳಗಿರುವ ಭಾಗ) ಕ್ಲೀನರ್, ಸವೆದಿದ್ದರೆ ಹೊಸ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ). ಬಣ್ಣ ಎದ್ದಿದ್ದರೂ ಸುಮ್ನೆ ಬಿಡಿ. ಮತ್ತೆ ಬಳಿದರೆ ಬೆಲೆ ಬೀಳುತ್ತದೆ.

ಯಾರೋ ಆಗಲೇ ಕೊರೆದು, ಬಣ್ಣ ಬದಲಿಸಿದ್ದಾರಾ? ಹಾಗಾದರೆ ಧೈರ್ಯವಾಗಿ ಮಾರ್ಪಡಿಸಿ. ಮೂಲ ಟೋನ್ ನಾಬ್ ಟ್ರೆಬಲ್ (ತಾರ ಸ್ವರ) ಇಳಿಸುತ್ತದೆ ಅಷ್ಟೇ. ಪ್ರೀಆಂಪ್ (ಬ್ಯಾಟರಿಯಲ್ಲಿ ಓಡುವ ಸರ್ಕ್ಯೂಟ್) ಹಾಕಿದರೆ ಏರಿಸಲೂಬಹುದು. ಆದರೆ ಅದರ 9 ವೋಲ್ಟ್ ಬ್ಯಾಟರಿ ಕಾರ್ಯಕ್ರಮದ ಮಧ್ಯೆ ಕೈಕೊಟ್ಟೀತು! ಒಂದೇ ಪಿಕಪ್ ನುಡಿಸಿದಾಗ ಬರುವ ಗುಂಯ್ ಸದ್ದು ಕಾಡಿದರೆ, ಆ ಸದ್ದನ್ನು (ಹಮ್) ಅಡಗಿಸುವ ಪಿಕಪ್ ಹಾಕಿ. ಪ್ರಸಿದ್ಧ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಕೂಡ ಫ್ರೆಟ್ ಇಲ್ಲದ ತಮ್ಮ ಜಾಝ್ ಬೇಸ್‌ನ ಕತ್ತಿನ ಮೇಲೆ ಎಪಾಕ್ಸಿಯನ್ನೇ (ಗಟ್ಟಿಯಾಗುವ ರಾಳ) ಬಳಿದಿದ್ದರು, ಅಲ್ವಾ?

ನಾನಾದರೆ ಮೂಲ ಬೇಸ್‌ನಲ್ಲಿ ಸ್ಕ್ರೂ ಬಿಚ್ಚಿ ವಾಪಸ್ ಹಾಕಬಹುದಾದ್ದನ್ನು ಮಾತ್ರ ಬದಲಿಸುತ್ತೇನೆ. ಬಿಚ್ಚಿದ ಭಾಗಗಳನ್ನು ಡಬ್ಬಿಯಲ್ಲಿಟ್ಟುಕೊಳ್ಳಿ.